ಗುಮ್ಮಟದೊಳಗೆ ಇಳಿದ ಆಕಾಶ

ಆಕಾಶವನ್ನು ಮನೆಯೊಳಗೆ ತರಬೇಕೆಂಬ ಹಂಬಲ ಹಳೆಯದು. 17ನೆಯ ಶತಮಾನದಲ್ಲಿಯೇ ಉತ್ತರ ಜರ್ಮನಿಯ ಗೋಟೋರ್ಫ್ ಅರಮನೆಯಲ್ಲಿ ಸುಮಾರು ಮೂರು ಮೀಟರು ಅಗಲದ ಟೊಳ್ಳುಗೋಳವೊಂದಿತ್ತು. ಕೆಲವೇ ಮಂದಿ ಅದರೊಳಗೆ ಕುಳಿತು, ಸುತ್ತಲೂ ತಿರುಗುವ ತಾರೆಗಳನ್ನು ನೋಡಬಹುದಾಗಿತ್ತು. ಅದು ದೊರೆಯ ವೈಭವ; ಊರಿನ ಜನಕ್ಕೆ ಅಲ್ಲಿ ಎಡೆಯೆಲ್ಲಿ?

ಆ ಎಡೆಯನ್ನು ಕಲ್ಪಿಸಹೊರಟವರು ಮ್ಯೂನಿಕ್ ನಗರದ ಡಾಯ್ಚಸ್ ಮ್ಯೂಸಿಯಮ್ಮಿನ ಸ್ಥಾಪಕರಾದ ಆಸ್ಕರ್ ಫಾನ್ ಮಿಲ್ಲರ್. ಜನರು ಒಳಹೊಕ್ಕು ನೋಡುವಂಥ ದೊಡ್ಡ ತಿರುಗುಗೋಳವೊಂದನ್ನು ಮಾಡಿಕೊಡಿರೆಂದು ಅವರು ಯೇನಾ ಪಟ್ಟಣದ ಜೈಸ್ ಕಾರ್ಖಾನೆಯನ್ನು ಕೇಳಿದರು. ಗೋಳ ಹಿಗ್ಗಿದಷ್ಟೂ ಭಾರ, ತಿರುಗಿಸುವುದು ಹೇಗೆ? ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದು ಕೆಲಸ ನಿಂತಿತು.

ಯುದ್ಧ ಮುಗಿದ ಮೇಲೆ ಕಾರ್ಖಾನೆಯ ಇಂಜಿನಿಯರ್ ವಾಲ್ಟರ್ ಬಾವರ್ಸ್‌ಫೆಲ್ಡ್ ಸಮಸ್ಯೆಯನ್ನೇ ತಿರುವಿಹಾಕಿದರು. ಗುಮ್ಮಟ ನಿಂತಿರಲಿ, ಬೆಳಕು ತಿರುಗಲಿ! ನಡುವೆ ನಿಂತ ಯಂತ್ರವು ಬಿಳಿಯ ಗುಮ್ಮಟದ ಮೇಲೆ ಸುಮಾರು 4,500 ನಕ್ಷತ್ರಗಳನ್ನು ಚೆಲ್ಲಿತು. 1923ರಲ್ಲಿ ಕಾರ್ಖಾನೆಯ ತಾರಸಿಯ ಮೇಲೆ, 16 ಮೀಟರು ಅಗಲದ ಗುಮ್ಮಟದಲ್ಲಿ ಅದರ ಪರೀಕ್ಷೆ ನಡೆಯಿತು. 1925ರ ಮೇ 7ರಂದು ಮ್ಯೂಸಿಯಮ್ಮಿನ ಹೊಸ ಕಟ್ಟಡದಲ್ಲಿ ತಾರಾಲಯವೂ ಬಾಗಿಲು ತೆರೆಯಿತು.

ಆ ಮೊದಲ ಯಂತ್ರಕ್ಕೆ ಮ್ಯೂನಿಕ್ಕಿನ ಆಕಾಶವೊಂದೇ ಗೊತ್ತು. ಮುಂದಿನ ಮಾದರಿಗಳು ಭೂಮಿಯ ಯಾವ ಮೂಲೆಯ ಆಕಾಶವನ್ನಾದರೂ ತೋರಿಸಿದುವು. 1980ರ ದಶಕದಿಂದೀಚೆಗೆ ಕಂಪ್ಯೂಟರು ಬಂದು, ಗುಮ್ಮಟದ ತುಂಬ ಚಲಿಸುವ ಚಿತ್ರ ಹರಡುವಂತಾಯಿತು. ಬೆಂಗಳೂರಿಗೆ ನೆಹರೂ ತಾರಾಲಯ ಬಂದುದು 1989ರಲ್ಲಿ.

ಈಗ ಬೀದಿದೀಪಗಳ ನಡುವೆ ನಗರದ ಮಕ್ಕಳಿಗೆ ಆಕಾಶಗಂಗೆ ಕಾಣದು. ತಲೆಯ ಮೇಲೆ ಬಿಟ್ಟಿಯಾಗಿದ್ದುದನ್ನು ಟಿಕೆಟು ಕೊಂಡು ನೋಡುವ ಕಾಲ ಬಂದಿದೆ. ಗುಮ್ಮಟದಿಂದ ಹೊರಬಂದ ಮಗುವೊಂದು ಕತ್ತೆತ್ತಿ, ನಿಜವಾದ ಆಕಾಶವೆಲ್ಲಿ ಎಂದು ಕೇಳಿದರೆ ಮಿಲ್ಲರರ ಶ್ರಮ ಸಾರ್ಥಕ. ಉತ್ತರ ಹೇಳುವ ಹೊಣೆ ಮಾತ್ರ ನಮ್ಮದು.