ಘಟ್ಟದ ಮೇಲಿನ ಆಕಾಶಮಾರ್ಗ: ಸಕಲೇಶಪುರ–ಆಲೂರು ಸೀಮೆ ಮತ್ತು ವಿಮಾನ ಪಥದರ್ಶನದ ಚರಿತ್ರೆ

ಪಶ್ಚಿಮ ಘಟ್ಟದ ಅಂಚಿನ ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ, ನಿಯಂತ್ರಣ ಗೋಪುರವೂ ಇಲ್ಲ. ಆದರೂ ವಿಮಾನ ಪಥದರ್ಶನದ ಚರಿತ್ರೆ ಬರೆಯುವವರು ಈ ಗುಡ್ಡಸಾಲನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನೆಲದ ಮೇಲಿನ ರೇಡಿಯೊ ಉಪಕರಣಗಳ ಮಿತಿ ಕಾಣುವುದು ಇಂಥ ಕಡೆಯಲ್ಲೇ. ಆ ಮಿತಿಯನ್ನು ದಾಟಿದ ಉಪಗ್ರಹಗಳ ಲಗಾಮು ಇರುವುದು ಪಕ್ಕದ ಹಾಸನದಲ್ಲಿ.

ಈ ಸೀಮೆಗೆ ಪಶ್ಚಿಮದಲ್ಲಿರುವ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣ 1951ರಲ್ಲಿ ಶುರುವಾಯಿತು. ಮುಂದಿನ ದಶಕಗಳಲ್ಲಿ ಪಥದರ್ಶನಕ್ಕೆ ಎಲ್ಲೆಡೆ ಬಳಕೆಗೆ ಬಂದ ಮುಖ್ಯ ಸಾಧನ ವಿಒಆರ್, ಅಂದರೆ ದಿಕ್ಕು ತೋರಿಸುವ ನೆಲದ ರೇಡಿಯೊ ಕೇಂದ್ರ. ಇದು ಎರಡು ಸಂಕೇತಗಳನ್ನು ಹೊರಡಿಸುತ್ತದೆ: ಒಂದು ಎಲ್ಲ ದಿಕ್ಕಿಗೂ ಏಕರೂಪವಾಗಿರುತ್ತದೆ, ಇನ್ನೊಂದು ಸೆಕೆಂಡಿಗೆ 30 ಸುತ್ತು ತಿರುಗುತ್ತದೆ. ಇವೆರಡರ ನಡುವಿನ ಅಂತರವನ್ನು ವಿಮಾನದ ಗ್ರಾಹಕ ಅಳೆದು, ತಾನು ಕೇಂದ್ರದಿಂದ ಯಾವ ದಿಕ್ಕಿನಲ್ಲಿದ್ದೇನೆಂದು ಹೇಳುತ್ತದೆ. ದೂರವನ್ನು ಹೇಳಲು ಜೊತೆಗೆ ಡಿಎಂಇ ಎಂಬ ಉಪಕರಣ ಇರುತ್ತದೆ. ಎರಡಕ್ಕೂ ಒಂದೇ ಷರತ್ತು: ಕೇಂದ್ರಕ್ಕೂ ವಿಮಾನಕ್ಕೂ ನಡುವೆ ಅಡ್ಡಿ ಇರಕೂಡದು.

ಈ ಷರತ್ತು ಘಟ್ಟದಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಬಹುದು. ಅಡಿಗಳಲ್ಲಿರುವ ಎತ್ತರದ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ಸಂಕೇತ ತಲುಪುವ ದೂರ ನಾಟಿಕಲ್ ಮೈಲಿಗಳಲ್ಲಿ ಸಿಗುತ್ತದೆ. ಈ ಸೀಮೆಯ ಮೇಲೆ 35,000 ಅಡಿಯಲ್ಲಿ ಹಾರುವ ಜೆಟ್‌ಗೆ ಇದು ಸುಮಾರು 230 ಮೈಲಿ. ಅಂದರೆ ಅದಕ್ಕೆ ಬೆಂಗಳೂರು, ಮಂಗಳೂರು ಎರಡರ ಸಂಕೇತವೂ ಒಟ್ಟಿಗೇ ಸಿಗುತ್ತದೆ. ಆಲೂರಿನ ತೋಟಗಳ ಮೇಲೆ ಸಾವಿರ ಅಡಿ ಎತ್ತರದಲ್ಲಿರುವ ಹೆಲಿಕಾಪ್ಟರಿಗೆ ಸಿಗುವುದು ಕೇವಲ 39 ಮೈಲಿ, ಅಂದರೆ 72 ಕಿಲೋಮೀಟರ್. ಅದೂ ನೆಲ ಸಮತಟ್ಟಾಗಿದ್ದರೆ. ಬೆಂಗಳೂರು ಅಲ್ಲಿಂದ ನೇರಗೆರೆಯಲ್ಲಿ ಸುಮಾರು 175 ಕಿಲೋಮೀಟರ್. ಪಶ್ಚಿಮಕ್ಕೆ ಬಜ್ಪೆ ಇನ್ನೂ ಹತ್ತಿರ, ಆದರೆ ನಡುವೆ ಘಟ್ಟ ಅಡ್ಡ ನಿಂತಿದೆ. ಮಳೆಗಾಲದಲ್ಲಿ ಶಿರಾಡಿ, ಬಿಸಿಲೆ ಘಾಟಿಗಳ ಕಡೆ ಮೋಡ ಕವಿದು ಕಣ್ಣಿನ ಆಸರೆಯೂ ತಪ್ಪಿದಾಗ ಪೈಲಟ್‌ಗೆ ಉಳಿಯುತ್ತಿದ್ದುದು ನಕ್ಷೆ, ಗಡಿಯಾರ, ದಿಕ್ಸೂಚಿ ಅಷ್ಟೇ.

ಇದುವರೆಗಿನದು ಪಥದರ್ಶನದ ಮಾತು; ವಿಮಾನ ಸಂಚಾರ ನಿಯಂತ್ರಣದ ಕಥೆ ಬೇರೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಆಗ ದೆಹಲಿಯ ನಿಯಂತ್ರಕರ ಕೈಯಲ್ಲಿದ್ದ ರೇಡಾರ್ ವಿಮಾನದ ಎತ್ತರವನ್ನು ತೋರಿಸುತ್ತಿರಲಿಲ್ಲ. ವಿಮಾನವೇ ತನ್ನ ಎತ್ತರ ತಿಳಿಸುವ ಸೆಕೆಂಡರಿ ರೇಡಾರ್ ಮತ್ತು ಡಿಕ್ಕಿ ತಪ್ಪಿಸುವ ಉಪಕರಣ ನಮ್ಮಲ್ಲಿ ಅನಿವಾರ್ಯವಾದದ್ದು ಆ ಬಳಿಕ. 2003ರ ನವೆಂಬರಿನಲ್ಲಿ 29,000 ಅಡಿಗಿಂತ ಮೇಲಿನ ಹಾದಿಗಳ ನಡುವಿನ ಲಂಬ ಅಂತರ 2,000 ಅಡಿಯಿಂದ 1,000ಕ್ಕೆ ಇಳಿಯಿತು.

ಆದರೆ ಉಪಕರಣ ಬಂತೆಂದರೆ ಕೆಲಸ ಮುಗಿಯಿತೆಂದಲ್ಲ. 2010ರ ಮೇ 22ರಂದು ಬಜ್ಪೆಯಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಂದಕಕ್ಕೆ ಉರುಳಿ 158 ಜನ ಸತ್ತರು. ಅಸ್ಥಿರವಾಗಿದ್ದ ಇಳಿಕೆಯನ್ನು ಕ್ಯಾಪ್ಟನ್ ಕೈಬಿಡದಿದ್ದುದೇ ನೇರ ಕಾರಣವೆಂದು ವಿಚಾರಣಾ ನ್ಯಾಯಾಲಯ ಹೇಳಿತು. ಪೂರಕ ಕಾರಣಗಳಲ್ಲಿ ಒಂದು ಗಮನಾರ್ಹ: ಮಂಗಳೂರಿನ ರೇಡಾರ್ ಆಗ ಕೆಟ್ಟಿದ್ದರಿಂದ ವಿಮಾನಕ್ಕೆ ಕೆಳಗಿಳಿಯಲು ಅನುಮತಿ ಸಿಕ್ಕಿದ್ದು ಎಂದಿಗಿಂತ ತಡವಾಗಿ, ನಿಲ್ದಾಣಕ್ಕೆ ಹತ್ತಿರ ಬಂದ ಮೇಲೆ. ರೇಡಾರ್ ಕೆಟ್ಟರೆ ನಿಯಂತ್ರಕರು ಪೈಲಟ್ ಹೇಳುವ ದೂರ, ಎತ್ತರಗಳನ್ನೇ ನಂಬಿ ವಿಮಾನಗಳ ನಡುವೆ ಹೆಚ್ಚು ಅಂತರ ಬಿಡಬೇಕಾಗುತ್ತದೆ. ರೇಡಾರ್‌ಗೆ ಮುಂಚಿನ ಹಳೆಯ ಪದ್ಧತಿ ಅಂದು ಮರಳಿ ಬಂದಿತ್ತು.

ಅದೇ ಹೊತ್ತಿಗೆ ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಜಿಪಿಎಸ್ ಸಂಕೇತವನ್ನು ತಿದ್ದುವ ಗಗನ್ ಎಂಬ ಉಪಗ್ರಹ ವ್ಯವಸ್ಥೆ ಕಟ್ಟುತ್ತಿದ್ದವು. ಜಿಪಿಎಸ್ ಸಂಕೇತದಲ್ಲಿ ನುಸುಳುವ ದೋಷವನ್ನು ದೇಶದ ನಾನಾ ಕಡೆಯ ನೆಲದ ಕೇಂದ್ರಗಳು ಅಳೆಯುತ್ತವೆ. ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರ ತಿದ್ದುಪಡಿಯನ್ನು ಲೆಕ್ಕ ಹಾಕುತ್ತದೆ. ಆ ತಿದ್ದುಪಡಿ ಭೂಸ್ಥಿರ ಉಪಗ್ರಹಕ್ಕೇರಿ ವಿಮಾನಕ್ಕೆ ಇಳಿಯುತ್ತದೆ. ದೊಡ್ಡ ತೊಡಕಾದದ್ದು ಸಂಕೇತ ದಾಟಿ ಬರಬೇಕಾದ ಮೇಲ್ವಾತಾವರಣದ ಪದರ, ಅಯಾನುಗೋಳ. ಕಾಂತೀಯ ಸಮಭಾಜಕದ ಬಳಿಯಿರುವ ನಮ್ಮಲ್ಲಿ ಅದು ಅಮೆರಿಕದಲ್ಲಿದ್ದಷ್ಟು ಶಾಂತವಾಗಿಲ್ಲ. ಅದರ ಎಲೆಕ್ಟ್ರಾನ್ ಸಾಂದ್ರತೆ ಸ್ವಲ್ಪ ದೂರದಲ್ಲೇ ತಟಕ್ಕನೆ ಬದಲಾಗುತ್ತದೆ, ಸೂರ್ಯ ಮುಳುಗಿದ ಮೇಲೆ ಇನ್ನಷ್ಟು ಕದಡುತ್ತದೆ. ಅದನ್ನು ಒಂದೇ ತೆಳು ಪದರವೆಂದು ಭಾವಿಸುವ ಅಮೆರಿಕದ ಲೆಕ್ಕ ಇಲ್ಲಿ ಸಾಲಲಿಲ್ಲ. ಇಸ್ರೊ ಹಲವು ಪದರಗಳ ಮಾದರಿಯನ್ನೇ ರೂಪಿಸಬೇಕಾಯಿತು. ನನ್ನ ಮಟ್ಟಿಗೆ ಗಗನ್‌ನ ನಿಜವಾದ ಸಾಧನೆ ಈ ಲೆಕ್ಕ. ಉಪಗ್ರಹ ಉಡಾವಣೆಗೆ ಸಿಕ್ಕ ಪ್ರಚಾರದ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ.

ಗಗನ್ ಉಪಕರಣ ಹೊತ್ತ ಜಿಸ್ಯಾಟ್-4, 2010ರ ಏಪ್ರಿಲಿನಲ್ಲಿ ರಾಕೆಟ್ ವಿಫಲವಾಗಿ ಕಡಲು ಸೇರಿತು. ಬಳಿಕ ಅಂಥದೇ ಉಪಕರಣ ಹೊತ್ತ ಜಿಸ್ಯಾಟ್-8 (2011), ಜಿಸ್ಯಾಟ್-10 (2012), ಜಿಸ್ಯಾಟ್-15 (2015) ಕಕ್ಷೆ ಸೇರಿದವು. ಹಾಸನದ ಪಾತ್ರ ಬರುವುದು ಇಲ್ಲಿ. 1982ರಲ್ಲಿ, ಇನ್ಸಾಟ್ ಉಪಗ್ರಹಗಳ ಕಾಲದಲ್ಲಿ ಹುಟ್ಟಿದ ಅಲ್ಲಿನ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ಊರವರ ಬಾಯಲ್ಲಿ ಎಂಸಿಎಫ್, ವಿಮಾನಗಳನ್ನು ನಿಯಂತ್ರಿಸುವುದಿಲ್ಲ. ತಿದ್ದುಪಡಿ ಲೆಕ್ಕವೂ ಅದರದ್ದಲ್ಲ. ರಾಕೆಟ್ ಬಿಟ್ಟುಕೊಟ್ಟ ಉಪಗ್ರಹದ ಎಂಜಿನ್ ಉರಿಸಿ ಅದನ್ನು 36,000 ಕಿಲೋಮೀಟರ್ ಎತ್ತರಕ್ಕೆ ಮುಟ್ಟಿಸುವುದು, ಬಳಿಕ ಸೂರ್ಯಚಂದ್ರರ ಸೆಳೆತಕ್ಕೆ ಅದು ಜರುಗಿದಾಗಲೆಲ್ಲ ಜಾಗಕ್ಕೆ ತಂದು ನಿಲ್ಲಿಸುವುದು ಅದರ ಕೆಲಸ. ಪತ್ರಿಕೆಗಳು ಈ ಭೇದವನ್ನು ಆಗಾಗ ಕಲಸಿಬಿಡುತ್ತವೆ.

2015ರ ಏಪ್ರಿಲ್ 21ರಂದು ಗಗನ್‌ಗೆ ಇಳಿಕೆಯ ಹೊತ್ತಿನ ಲಂಬ ಮಾರ್ಗದರ್ಶನದ ಮಾನ್ಯತೆ ಸಿಕ್ಕಿತು. 2019ರಿಂದ ನೋಂದಣಿಯಾಗುವ ವಿಮಾನಗಳಲ್ಲಿ ಇದರ ಗ್ರಾಹಕ ಕಡ್ಡಾಯವೆಂದು 2016ರ ನಾಗರಿಕ ವಿಮಾನಯಾನ ನೀತಿ ಹೇಳಿತ್ತು. ಆ ಗಡುವು ಮುಂದಕ್ಕೆ ಹೋಯಿತು. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್-72 ವಿಮಾನ ಗಗನ್ ನೆರವಿನಿಂದ ಇಳಿಯಿತು. ರನ್‌ವೇ ಬಳಿ ಇಳಿಕೆಗೆ ದಾರಿ ತೋರುವ ದುಬಾರಿ ಐಎಲ್ಎಸ್ ಉಪಕರಣ ಇಲ್ಲದ ಸಣ್ಣ ನಿಲ್ದಾಣಗಳಿಗೆ ಇದರ ಅರ್ಥ ದೊಡ್ಡದು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ವಿಮಾನಯಾನ ಸಂಸ್ಥೆ ಆರಂಭಿಸಿದ್ದೂ ಎಟಿಆರ್‌ಗಳಿಂದಲೇ. ಆಗ ಸಣ್ಣ ಊರುಗಳಿಗೆ ಹಾರುವ ಪೈಲಟ್‌ಗಳಿಗೆ ಈ ಅನುಕೂಲವಿರಲಿಲ್ಲ.

ಘಟ್ಟದಲ್ಲಿ ಗಗನ್‌ನಿಂದ ಆಗುವ ಲಾಭ ಜೆಟ್‌ಗಳಿಗಿಂತ ತಗ್ಗಿನಲ್ಲಿ ಹಾರುವವರಿಗೆ ಹೆಚ್ಚು. ಸಂಕೇತ ತಲೆಯ ಮೇಲಿನಿಂದ ಬರುವುದರಿಂದ ಗುಡ್ಡಸಾಲು ಮೊದಲಿನಷ್ಟು ಅಡ್ಡ ಬರುವುದಿಲ್ಲ. ಹಾಗೆಂದು ಹಳೆಯ ವಿಒಆರ್‌ಗಳನ್ನು ಕಿತ್ತುಹಾಕುವುದು ಜಾಣತನವಲ್ಲ: ದುರ್ಬಲವಾದ ಉಪಗ್ರಹ ಸಂಕೇತವನ್ನು ನೆಲದಿಂದಲೇ ಕೆಡಿಸಬಹುದು. ಉಪಗ್ರಹಗಳಿಗೂ ಆಯುಸ್ಸಿದೆ. ಜಿಸ್ಯಾಟ್-8ನ್ನು 12 ವರ್ಷಕ್ಕೂ ಮಿಕ್ಕಿ ದುಡಿಯಲೆಂದು ರೂಪಿಸಿದ್ದರು. ಹಾಸನದಿಂದ ಉಪಗ್ರಹವನ್ನು ಜಾಗಕ್ಕೆ ತಂದು ನಿಲ್ಲಿಸಿದ ಪ್ರತಿ ಸಲವೂ ಅದರ ಟ್ಯಾಂಕಿನ ಇಂಧನ ಒಂದಿಷ್ಟು ಇಳಿಯುತ್ತದೆ.