ಚದುರಂಗದ ಆಚಾರ್ಯ ಬೊಟ್ವಿನ್ನಿಕ್

ಚದುರಂಗವು ಭರತಖಂಡದಲ್ಲಿ ಜನಿಸಿ ಪಾರಸಿಕ ದೇಶದ ಮಾರ್ಗವಾಗಿ ಪಶ್ಚಿಮಕ್ಕೂ ಉತ್ತರಕ್ಕೂ ಹರಡಿತೆಂಬುದು ವಿದ್ವಾಂಸರಿಗೆ ಬಹುಮಟ್ಟಿಗೆ ಸಮ್ಮತವಾದ ವಿಷಯವಾಗಿದೆ. ರಷ್ಯನರು ಈ ಆಟವನ್ನು ಪಾರಸಿಕ ಮೂಲದ ಶಬ್ದದಿಂದಲೇ ‘ಶಾಖ್ಮತಿ’ ಎಂದು ಕರೆಯುವರು. ಕನ್ನಡಿಗರು ಒಂಟೆಯೆನ್ನುವ ಕಾಯಿಗೆ ಅವರ ಭಾಷೆಯಲ್ಲಿ ಆನೆಯೆಂದೇ ಹೆಸರು. ಆಂಗ್ಲರು ರಾಣಿಯೆಂದು ಕರೆಯುವುದು ಅವರಿಗೆ ಇಂದಿಗೂ ಮಂತ್ರಿಯೇ. ಆನೆಯನ್ನು ಕಾಡಿನಲ್ಲಿ ಕಂಡರಿಯದ ಹಿಮದ ನಾಡಿನವರು ಚತುರಂಗಬಲದ ಗಜವನ್ನು ಇಷ್ಟು ಶತಮಾನ ಜೋಪಾನವಾಗಿ ಉಳಿಸಿಕೊಂಡು ಬಂದುದು ವಿನೋದಕರವಾದ ಸಂಗತಿ. ಆದರೆ ಅವರು ಹೆಸರನ್ನು ಮಾತ್ರ ಉಳಿಸಿದವರಲ್ಲ. ಕಾಲಕ್ಷೇಪದ ಆಟವೆನಿಸಿದ್ದುದನ್ನು ಗುರುಮುಖದಿಂದ ಕಲಿಯತಕ್ಕ ಶಾಸ್ತ್ರವನ್ನಾಗಿ ಮಾಡಿದ ಕೀರ್ತಿಯಲ್ಲಿ ಅವರಿಗೆ ದೊಡ್ಡ ಪಾಲು ಸಲ್ಲುತ್ತದೆ. ಅವರೊಳಗೆ ಅಗ್ರಗಣ್ಯರು ಮಿಖಾಯಿಲ್ ಬೊಟ್ವಿನ್ನಿಕ್.

ಇವರು ೧೯೧೧ನೆಯ ಇಸವಿ ಆಗಸ್ಟ್ ೧೭ರಂದು, ಆಗ ರಷ್ಯನ್ ಚಕ್ರಾಧಿಪತ್ಯಕ್ಕೆ ಸೇರಿದ್ದ ಫಿನ್ಲೆಂಡಿನ ಕುವೊಕ್ಕಲ ಎಂಬ ಊರಿನಲ್ಲಿ ಯೆಹೂದ್ಯ ಕುಟುಂಬವೊಂದರಲ್ಲಿ ಜನಿಸಿದರು. ಚದುರಂಗವನ್ನು ಕಲಿತುದು ಹನ್ನೆರಡನೆಯ ವಯಸ್ಸಿನಲ್ಲಿ. ಮಹಾ ಆಟಗಾರರಾಗತಕ್ಕವರಿಗೆ ಇದು ತಡವೆಂದೇ ಹೇಳಬೇಕು. ಆದರೂ ೧೯೨೫ರಲ್ಲಿ, ಅಂದಿನ ಜಗಜ್ಜೇತರಾಗಿದ್ದ ಕ್ಯೂಬಾ ದೇಶದ ಕಾಪಬ್ಲಾಂಕರು ಲೆನಿನ್‌ಗ್ರಾಡಿನಲ್ಲಿ ಏಕಕಾಲಕ್ಕೆ ಅನೇಕರೊಡನೆ ಆಡಿದಾಗ, ಅವರನ್ನು ಸೋಲಿಸಿದವರಲ್ಲಿ ಈ ಹದಿನಾಲ್ಕು ವರ್ಷದ ಬಾಲಕನೂ ಒಬ್ಬನು. ೧೯೩೧ರಲ್ಲಿ ಸೋವಿಯತ್ ದೇಶದ ಪ್ರಶಸ್ತಿಯು ಇವರದಾಯಿತು. ಇದರ ಜೊತೆಯಲ್ಲಿಯೇ ವಿದ್ಯುಚ್ಛಕ್ತಿಯ ಎಂಜಿನಿಯರಿಂಗ್ ವಿದ್ಯೆಯೂ ನಡೆಯಿತು. ಮುಂದೆ ಆ ಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನೂ ಪಡೆದರು. ಇದನ್ನು ಬರಿಯ ಹೊಟ್ಟೆಪಾಡಿನ ಉದ್ಯೋಗವೆಂದು ಎಣಿಸಬಾರದು. ಅವರ ಆಟವು ಎಂಜಿನಿಯರನೊಬ್ಬನು ಸೇತುವೆಯ ಭಾರವನ್ನು ಲೆಕ್ಕಹಾಕುವ ರೀತಿಯಲ್ಲಿಯೇ ನಡೆಯುತ್ತಿತ್ತು.

೧೯೩೩ರಲ್ಲಿ ಜೆಕೊಸ್ಲೊವಾಕಿಯದ ಫ್ಲೋರ್ ಎಂಬ ಪ್ರಸಿದ್ಧ ಆಟಗಾರರೊಡನೆ ಹನ್ನೆರಡು ಆಟಗಳ ಪಂದ್ಯವು ಏರ್ಪಟ್ಟಿತು. ಮೊದಲ ಆರು ಆಟಗಳು ಮುಗಿಯುವ ವೇಳೆಗೆ ಬೊಟ್ವಿನ್ನಿಕರು ಎರಡು ಆಟಗಳಿಂದ ಹಿಂದೆ ಬಿದ್ದಿದ್ದರು. ಒಂಬತ್ತನೆಯ ಮತ್ತು ಹತ್ತನೆಯ ಆಟಗಳನ್ನು ಗೆದ್ದು ಪಂದ್ಯವನ್ನು ಸಮ ಮಾಡಿಕೊಂಡರು. ಎದುರಾಳಿಯ ಹಿಂದಿನ ಆಟಗಳನ್ನೆಲ್ಲ ಮುಂದಿಟ್ಟುಕೊಂಡು, ಅವನ ಬಲಾಬಲಗಳನ್ನು ಪೂರ್ವಭಾವಿಯಾಗಿ ಶೋಧಿಸುವ ಕ್ರಮವು ಅವರಲ್ಲಿ ಆಗಲೇ ಬೇರೂರಿತ್ತು. ತಮ್ಮ ಆಟಗಳಿಗೆ ತಾವೇ ವ್ಯಾಖ್ಯಾನ ಬರೆದು ಪ್ರಕಟಿಸುವುದು ಇನ್ನೊಂದು ನಿಯಮ. ಮನೆಯಲ್ಲಿ ಮಾಡಿದ ವಿಮರ್ಶೆಯಲ್ಲಿ ಮನುಷ್ಯನು ತನಗೆ ತಾನೇ ಪಕ್ಷಪಾತ ತೋರುವನು. ಅಚ್ಚಾದರೆ ಪರರು ದೋಷವನ್ನು ಎತ್ತಿ ತೋರಿಸದೆ ಬಿಡರು ಎಂಬುದು ಅವರ ಅಭಿಪ್ರಾಯ. ತಂಬಾಕಿನ ಹೊಗೆ ಅವರಿಗೆ ಸಹಿಸುತ್ತಿರಲಿಲ್ಲ. ಆದಕಾರಣ ಮಿತ್ರರಾದ ರಾಗೋಜಿನರನ್ನು ಎದುರಿಗೆ ಕುಳ್ಳಿರಿಸಿಕೊಂಡು, ಅವರು ಹೊಗೆಬಿಡುತ್ತಿರಲು ಅಭ್ಯಾಸದ ಆಟಗಳನ್ನಾಡಿದರು! ಪಂಚಾಗ್ನಿಮಧ್ಯದ ತಪಸ್ಸನ್ನು ಕೇಳಿಬಲ್ಲವರಿಗೂ ಈ ಧೂಮಸೇವನೆಯು ಹೊಸತೆಂದೇ ತೋರೀತು.

೧೯೩೮ರಲ್ಲಿ ಹಾಲೆಂಡಿನ ಪಂದ್ಯಾವಳಿಯಲ್ಲಿ ಕಾಪಬ್ಲಾಂಕರೊಡನೆ ಆಡಿದ ಆಟವನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಬೊಟ್ವಿನ್ನಿಕರ ಕಾಲಾಳೊಂದು ಶತ್ರುವಿನ ನೆಲದಲ್ಲಿ ಬಹುದೂರ ನುಗ್ಗಿತ್ತು. ಅದರ ದಾರಿಗೆ ಎದುರಾಳಿಯ ಮಂತ್ರಿಯು ಅಡ್ಡ ನಿಂತಿದ್ದನು. ಮೂವತ್ತನೆಯ ನಡೆಯಲ್ಲಿ ಅವರು ತಮ್ಮ ಒಂಟೆಯನ್ನು ಮಣೆಯ ಅಂಚಿನಲ್ಲಿ ಬಲಿಯಾಗಿ ಇಟ್ಟರು. ಮಂತ್ರಿಯು ಅದನ್ನು ತೆಗೆಯಲು ಹೋಗಿ ತನ್ನ ಕಾವಲನ್ನು ಬಿಟ್ಟನು. ಒಡನೆಯೇ ಕುದುರೆಯೂ ಬಲಿಯಾಯಿತು. ಕಾಲಾಳು ಮುನ್ನಡೆಯಿತು. ಆಮೇಲೆ ಕಾಪಬ್ಲಾಂಕರ ಮಂತ್ರಿಯು ಬೆನ್ನಟ್ಟಿ ಕೊಡುತ್ತಿದ್ದ ಬೆದರಿಕೆಗಳನ್ನೆಲ್ಲ ತಪ್ಪಿಸಿಕೊಳ್ಳುತ್ತ ಬೊಟ್ವಿನ್ನಿಕರ ರಾಜನು ಒಂಟಿಯಾಗಿ ಮಣೆಯ ಅಂಚಿನವರೆಗೆ ನಡೆದುಹೋದನು. ನಲವತ್ತೊಂದನೆಯ ನಡೆಯಲ್ಲಿ ಆಟವು ಮುಗಿಯಿತು. ಗಣಿತದಂತೆ ಶುಷ್ಕವಾದ ಆಟವೆಂದು ಅವರನ್ನು ಹಳಿಯುವವರು ಇದನ್ನೊಮ್ಮೆ ಮಣೆಯ ಮೇಲೆ ಇಟ್ಟು ನೋಡತಕ್ಕದ್ದು.

ಜಗಜ್ಜೇತರಾಗಿದ್ದ ಅಲೆಖಿನರು ೧೯೪೬ರಲ್ಲಿ ತೀರಿಕೊಂಡುದರಿಂದ ಪದವಿಯು ತೆರವಾಯಿತು. ೧೯೪೮ರಲ್ಲಿ ಹೇಗ್ ಮತ್ತು ಮಾಸ್ಕೋ ನಗರಗಳಲ್ಲಿ ಐವರು ಅದಕ್ಕಾಗಿ ಹೋರಾಡಿದರು. ಬೊಟ್ವಿನ್ನಿಕರು ೨೦ ಆಟಗಳಿಂದ ೧೪ ಅಂಕಗಳನ್ನು ಪಡೆದು ಪದವಿಗೇರಿದರು. ಎಸ್ತೋನಿಯದ ಕೆರೆಸರು ಅವರಿಗೆ ಮೊದಲ ನಾಲ್ಕು ಆಟಗಳನ್ನೂ ಸೋತುದು ರಾಜ್ಯಾಧಿಕಾರದ ಒತ್ತಾಯದಿಂದಲೋ ಎಂಬ ಸಂದೇಹವು ಅಂದಿನಿಂದಲೂ ಇದೆ. ನಿರ್ಣಾಯಕವಾದ ಪ್ರಮಾಣವು ದೊರೆತಿಲ್ಲ. ಪ್ರಮಾಣವಿಲ್ಲದೆ ಆರೋಪವನ್ನು ಅಂಗೀಕರಿಸುವುದು ನ್ಯಾಯವಲ್ಲ.

ಆಮೇಲಿನ ಚರಿತ್ರೆಯಲ್ಲಿ ಗೆಲವಿಗಿಂತ ಸೋಲುಗಳೇ ಹೆಚ್ಚು ಗಮನಾರ್ಹವಾಗಿವೆ. ಬ್ರೋನ್‌ಸ್ಟೈನರೊಡನೆ ೧೯೫೧ರಲ್ಲಿಯೂ ಸ್ಮಿಸ್ಲೋವರೊಡನೆ ೧೯೫೪ರಲ್ಲಿಯೂ ಪಂದ್ಯವು ೧೨–೧೨ ಆಗಿ, ಸಮವಾದರೆ ಪದವಿಯು ಇದ್ದವನಿಗೇ ಎಂಬ ನಿಯಮದಿಂದ ಉಳಿದುಕೊಂಡರು. ೧೯೫೭ರಲ್ಲಿ ಸ್ಮಿಸ್ಲೋವರಿಗೆ ಸೋತು ೧೯೫೮ರಲ್ಲಿ ಗೆದ್ದರು. ೧೯೬೦ರಲ್ಲಿ ಇಪ್ಪತ್ಮೂರು ವರ್ಷದ ತಾಲ್ ಎಂಬ ಅದ್ಭುತ ತರುಣನು ೧೨½–೮½ರಿಂದ ಅವರನ್ನು ಉರುಳಿಸಿದಾಗ, ವೃದ್ಧನ ಕಾಲ ಮುಗಿಯಿತೆಂದು ಅನೇಕರು ಭಾವಿಸಿದರು. ಬೊಟ್ವಿನ್ನಿಕರು ತಾಲನ ಆಟಗಳನ್ನು ಬಿಡಿಸಿ ನೋಡಿ, ಕಾಯಿಗಳು ವಿರಳವಾಗಿ ಮಂತ್ರಿಗಳು ಮರೆಯಾದೆಡೆಯಲ್ಲಿ ಅವನ ಮಾಯೆ ನಡೆಯದೆಂದು ಕಂಡುಕೊಂಡರು. ಮರುವರ್ಷ ೧೩–೮ರಿಂದ ಪದವಿ ಮರಳಿತು. ಆಗ ಅವರಿಗೆ ಐವತ್ತು ತುಂಬುತ್ತ ಬಂದಿತ್ತು. ೧೯೬೩ರಲ್ಲಿ ಪೆಟ್ರೋಸಿಯನರು ಗೆದ್ದಾಗ ಮರುಪಂದ್ಯದ ಹಕ್ಕು ಉಳಿದಿರಲಿಲ್ಲ.

ಅದೇ ವರ್ಷ ಅವರು ಬಾಲಕರಿಗಾಗಿ ಶಾಲೆಯನ್ನು ಆರಂಭಿಸಿದರು. ಶಿಷ್ಯರು ವರ್ಷಕ್ಕೆ ಕೆಲವು ಸಲ ಮಾತ್ರ ಕೂಡುವರು. ತಮ್ಮ ಆಟಗಳನ್ನು ಎಲ್ಲರೆದುರಿಗೆ ತೋರಿಸಿ ವಿವರಿಸುವರು. ಗುರುವು ದೋಷವನ್ನು ಹೇಳಿ, ಮುಂದಿನ ಭೇಟಿಯವರೆಗೆ ಕೆಲಸವನ್ನು ಕೊಟ್ಟು ಕಳುಹಿಸುವನು. ಉರಾಲ್ ಪ್ರಾಂತದ ಝ್ಲಾತೊಉಸ್ತ್ ಎಂಬ ಊರಿನಿಂದ ಕಾರ್ಪೋವ್ ಎಂಬ ಹನ್ನೆರಡು ವರ್ಷದ ಹುಡುಗನು ಬಂದನು. ಇವನಿಗೆ ಚದುರಂಗವು ಒಲಿಯದೆಂದು ಆಚಾರ್ಯರು ಅಭಿಪ್ರಾಯಪಟ್ಟರಂತೆ. ೧೯೭೫ರಲ್ಲಿ ಆ ಹುಡುಗನೇ ಜಗಜ್ಜೇತನಾದನು. ಶಿಷ್ಯಪರೀಕ್ಷೆಯಲ್ಲಿ ಇಂತಹ ಪಂಡಿತರೂ ಎಡವಿದರೆಂಬುದು ಪಾಠ ಹೇಳುವವರೆಲ್ಲರೂ ಗಮನಿಸತಕ್ಕ ವಿಷಯ. ೧೯೭೩ರಲ್ಲಿ ಬಾಕು ನಗರದಿಂದ ಬಂದ ಹತ್ತು ವರ್ಷದ ಕಾಸ್ಪರೋವನ ವಿಷಯದಲ್ಲಿ ಮಾತ್ರ ಅವರ ಕಣ್ಣು ತಪ್ಪಲಿಲ್ಲ. ಮೊದಲು ನಡೆಸಿ ಆಮೇಲೆ ಯೋಚಿಸುವ ಅವನ ಆತುರವನ್ನು ತಿದ್ದುವುದೇ ಅವರಿಗೆ ದೊಡ್ಡ ಕೆಲಸವಾಯಿತು. ೧೯೮೫ರಲ್ಲಿ ಮಾಸ್ಕೋದಲ್ಲಿ ಕಾಸ್ಪರೋವನು ೧೩–೧೧ರಿಂದ ಕಾರ್ಪೋವನನ್ನು ಸೋಲಿಸಿದನು. ಗೆದ್ದವನೂ ಸೋತವನೂ ಒಂದೇ ಶಾಲೆಯವರು.

ರಾಜ್ಯವು ಮನ್ನಿಸಿದ ಬೊಟ್ವಿನ್ನಿಕರು ಆ ರಾಜ್ಯಕ್ಕೆ ನಿಷ್ಠರಾಗಿಯೇ ಬಾಳಿದರು. ಆದರೆ ೧೯೭೬ರಲ್ಲಿ ಕೊರ್ಚ್ನೊಯ್ ದೇಶವನ್ನು ತ್ಯಜಿಸಿದಾಗ, ಅವರನ್ನು ಖಂಡಿಸುವ ಪತ್ರಕ್ಕೆ ಗ್ರ್ಯಾಂಡ್‌ಮಾಸ್ಟರುಗಳು ಸಾಲಾಗಿ ರುಜು ಹಾಕುತ್ತಿರಲು, ಹಾಕದೆ ಉಳಿದ ಕೆಲವರಲ್ಲಿ ಇವರೂ ಒಬ್ಬರು. ೧೯೭೦ರಲ್ಲಿ ಆಟದಿಂದ ನಿವೃತ್ತರಾದ ಮೇಲೆ, ಮನುಷ್ಯನಂತೆ ಕೆಲವೇ ನಡೆಗಳನ್ನು ಆರಿಸಿ ಯೋಚಿಸುವ ಗಣಕಯಂತ್ರವನ್ನು ನಿರ್ಮಿಸಲು ಬಹುವರ್ಷ ಶ್ರಮಿಸಿದರು. ಆ ಪ್ರಯತ್ನವು ಫಲಿಸಲಿಲ್ಲ. ೧೯೯೫ನೆಯ ಇಸವಿ ಮೇ ೫ರಂದು ಮಾಸ್ಕೋದಲ್ಲಿ ತೀರಿಕೊಂಡರು.

ಶಾಲೆಯ ಕೊನೆಗಾಲದ ವಿದ್ಯಾರ್ಥಿಗಳಲ್ಲಿ ಕಪ್ಪು ಸಮುದ್ರದ ತೀರದ ತುಆಪ್ಸೆ ಊರಿನ ಕ್ರಾಮ್ನಿಕ್ ಎಂಬವನಿದ್ದನು. ೨೦೦೦ದಲ್ಲಿ ಲಂಡನ್ನಿನಲ್ಲಿ ಅವನು ಕಾಸ್ಪರೋವನನ್ನು ಎದುರಿಸಿ, ಕಪ್ಪು ಕಾಯಿಗಳಿಂದ ಆಡುವಾಗ ಆರಂಭದಲ್ಲಿಯೇ ಮಂತ್ರಿಗಳನ್ನು ವಿನಿಮಯ ಮಾಡಿಕೊಳ್ಳುವ ಉಪಾಯವನ್ನು ಸಿದ್ಧಪಡಿಸಿಕೊಂಡು ಬಂದನು. ಹದಿನೈದು ಆಟಗಳಲ್ಲಿ ಕಾಸ್ಪರೋವನಿಗೆ ಒಂದು ಗೆಲವೂ ಸಿಕ್ಕಲಿಲ್ಲ. ೮½–೬½ರಿಂದ ಕ್ರಾಮ್ನಿಕನು ಗೆದ್ದನು.