ಲಂಡನ್ ನಗರದ ಹೊಗೆ

ಒಂದು ಪಟ್ಟಣದ ಚರಿತ್ರೆಯನ್ನು ಅದರ ಅರಸರ ಮೇಲೆಯೂ ಕಾಳಗಗಳ ಮೇಲೆಯೂ ಬರೆಯುವುದು ವಾಡಿಕೆ. ಅದರ ಗಾಳಿಗೂ ಒಂದು ಚರಿತ್ರೆಯುಂಟೆಂಬುದು ಥಟ್ಟನೆ ಹೊಳೆಯುವ ಮಾತಲ್ಲ. ಲಂಡನ್ನಿನ ಮಟ್ಟಿಗಾದರೋ ಈ ಚರಿತ್ರೆಯು ಏಳುನೂರು ವರ್ಷಗಳಷ್ಟು ನೀಳವಾದುದು. ಅದರಲ್ಲಿ ರಾಜಾಜ್ಞೆಗಳಿವೆ, ಬಿನ್ನಹಗಳಿವೆ, ಪಾರ್ಲಿಮೆಂಟಿನ ಶಾಸನಗಳಿವೆ. ಇಷ್ಟೆಲ್ಲ ಇದ್ದೂ 1952ನೆಯ ಇಸವಿಯ ಡಿಸೆಂಬರಿನಲ್ಲಿ ಆ ನಗರವು ತನ್ನದೇ ಹೊಗೆಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡಿತು. ಅದು ಹೇಗಾಯಿತೆಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ.

ಹದಿಮೂರನೆಯ ಶತಮಾನದಲ್ಲಿ ಸೌದೆಯು ತುಟ್ಟಿಯಾಗುತ್ತ ಬರಲು, ಇಂಗ್ಲೆಂಡಿನ ಈಶಾನ್ಯ ತೀರದ ಕಲ್ಲಿದ್ದಲು ಹಡಗುಗಳಲ್ಲಿ ಲಂಡನ್ನಿಗೆ ಬರತೊಡಗಿತು. ಅದನ್ನು ‘ಕಡಲಿದ್ದಲು’ ಎಂದು ಕರೆಯುತ್ತಿದ್ದರು. ಸುಣ್ಣದ ಗೂಡಿನವರೂ ಕಮ್ಮಾರರೂ ಅದನ್ನು ಮೊದಲು ಬಳಸಿದವರು. ಅದರ ನಾತವು ಯಾರಿಗೂ ಹಿಡಿಸಲಿಲ್ಲ. 1257ರಲ್ಲಿ ಮೂರನೆಯ ಹೆನ್ರಿಯ ರಾಣಿ ಎಲಿನಾರಳು ನಾಟಿಂಗ್‌ಹ್ಯಾಮಿನಲ್ಲಿ ಬೀಡುಬಿಟ್ಟಿದ್ದಾಗ ಈ ಹೊಗೆಯನ್ನು ತಾಳಲಾರದೆ ಊರನ್ನೇ ಬಿಟ್ಟು ಹೋದಳು. 1285ರಲ್ಲಿ ದೊರೆ ಒಂದನೆಯ ಎಡ್ವರ್ಡನು ಲಂಡನ್ನಿನ ಹೊಗೆಯ ವಿಚಾರಣೆಗೆಂದು ಒಂದು ಮಂಡಲಿಯನ್ನು ನೇಮಿಸಿದನು. 1306ರಲ್ಲಿ ಕಡಲಿದ್ದಲನ್ನು ಸುಡಕೂಡದೆಂದು ನಿರೂಪವನ್ನೇ ಹೊರಡಿಸಿದನು. ಆದರೆ ಚಳಿಯ ಮುಂದೆ ದೊರೆಯ ನಿರೂಪವೆಷ್ಟರದು! ಇದ್ದಲು ಬರುತ್ತಲೇ ಇದ್ದಿತು.

1661ರಲ್ಲಿ ಜಾನ್ ಎವೆಲಿನ್ ಎಂಬ ವಿದ್ವಾಂಸನು ‘ಫ್ಯೂಮಿಫ್ಯೂಜಿಯಂ’ ಎಂಬ ಕಿರುಹೊತ್ತಗೆಯನ್ನು ಬರೆದು ಎರಡನೆಯ ಚಾರ್ಲ್ಸ್ ದೊರೆಗೆ ಅರ್ಪಿಸಿದನು. ನಗರದ ಕಾಯಿಲೆಗಳಿಗೂ ಹೊಗೆಗೂ ಇರುವ ಸಂಬಂಧವನ್ನು ಅವನು ಅಂದೇ ಕಂಡಿದ್ದನು. ಬೀರು ಕಾಯಿಸುವವರು, ಬಣ್ಣ ಹಾಕುವವರು, ಸುಣ್ಣ ಸುಡುವವರು, ಸಾಬೂನು ಬೇಯಿಸುವವರು, ಇವರ ಕುಲುಮೆಗಳನ್ನೆಲ್ಲ ಊರಾಚೆಗೆ ಸಾಗಿಸಿ, ನಗರದ ಸುತ್ತ ಪರಿಮಳದ ಹೂಗಿಡಗಳನ್ನು ನೆಡಬೇಕೆಂಬುದು ಅವನ ಸಲಹೆ. ಗ್ರಂಥವು ಇಂದಿಗೂ ಓದುವಂತಿದೆ. ಆದರೆ ಅದರಲ್ಲಿ ಒಂದು ಮಾತನ್ನು ವಾಚಕರು ಗಮನಿಸಬೇಕು. ಮನೆಗಳ ಅಡುಗೆಯ ಬೆಂಕಿಯಿಂದ ಅಂಥ ಕೇಡೇನೂ ಇಲ್ಲ, ಅದರ ಹೊಗೆ ಸುಲಭವಾಗಿ ಚದರಿಹೋಗುತ್ತದೆ ಎಂದು ಎವೆಲಿನ್ನನು ಗೃಹಸ್ಥರನ್ನು ಬಿಡುಗಡೆ ಮಾಡಿಬಿಟ್ಟನು. ಈ ಬಿಡುಗಡೆಯು ಮುಂದೆ ಸುಮಾರು ಮುನ್ನೂರು ವರ್ಷ ನಡೆಯಿತು.

ಹೊಗೆಯೆಂದರೇನು? ಹಸಿ ಸೌದೆಯ ಒಲೆಯನ್ನು ಊದುಕೊಳವೆಯಿಂದ ಊದಿ ಕಣ್ಣೀರು ಸುರಿಸಿದ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಸರಿಯಾಗಿ ಉರಿಯದೆ ಉಳಿದ ಉರುವಲೇ ಹೊಗೆ. ತಕ್ಕಷ್ಟು ಗಾಳಿಯೂ ತಕ್ಕಷ್ಟು ಕಾವೂ ದೊರೆತರೆ ಇದ್ದಲಿನ ಇಂಗಾಲವೆಲ್ಲ ಕಣ್ಣಿಗೆ ಕಾಣದ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ದೊರೆಯದಿದ್ದರೆ ಮಸಿಯೂ ಡಾಂಬರಿನಂಥ ಜಿಡ್ಡೂ ಮೇಲೇಳುತ್ತವೆ. ದೊಡ್ಡ ಕುಲುಮೆಯಲ್ಲಿ ಕಾವು ಹೆಚ್ಚು. ಮನೆಯ ಅಗ್ಗಿಷ್ಟಿಕೆಯಲ್ಲಿ ಮಂದ. ಆದುದರಿಂದ ಒಂದೇ ತೂಕದ ಇದ್ದಲಿಗೆ ಮನೆಯ ಚಿಮಣಿಯೇ ಹೆಚ್ಚು ಹೊಗೆಯನ್ನು ಉಗುಳುವುದು. ಮೇಲಾಗಿ, ಇದ್ದಲಿನಲ್ಲಿ ಗಂಧಕವೂ ಸ್ವಲ್ಪ ಬೆರೆತಿರುತ್ತದೆ. ಅದು ಉರಿದು ಗಂಧಕದ ಡೈಆಕ್ಸೈಡ್ ಎಂಬ ಕಟುವಾದ ಅನಿಲವಾಗಿ, ಮಂಜಿನ ಹನಿಗಳಲ್ಲಿ ಕರಗಿ, ಗಂಧಕಾಮ್ಲವಾಗಿ ಪರಿಣಮಿಸುತ್ತದೆ. ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಜ್ಞನು ಕೈಗಾರಿಕೆಯ ಊರುಗಳ ಮಳೆನೀರನ್ನು ಪರೀಕ್ಷಿಸಿ, 1872ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ‘ಆಮ್ಲಮಳೆ’ ಎಂಬ ಮಾತನ್ನು ಬಳಸಿದನು.

ಅಂದರೆ ಆ ಹೊತ್ತಿಗೆ ವಿಜ್ಞಾನವು ತನ್ನ ಕೆಲಸವನ್ನು ಬಹಳಮಟ್ಟಿಗೆ ಮಾಡಿತ್ತು. ಶಾಸನವೋ? 1853ರಲ್ಲಿ ಲಂಡನ್ನಿಗೆಂದೇ ಒಂದು ಹೊಗೆಯ ಶಾಸನವಾಯಿತು. ಅದು ಕಾರ್ಖಾನೆಗಳ ಕುಲುಮೆಗಳಿಗೂ ಥೇಮ್ಸ್ ನದಿಯ ಉಗಿಹಡಗುಗಳಿಗೂ ಸಂಬಂಧಿಸಿದುದು. 1891ರ ಶಾಸನವು ‘ಕಪ್ಪು ಹೊಗೆ’ ಬಿಡುವ ಚಿಮಣಿಗಳನ್ನು ಉಪದ್ರವವೆಂದು ಸಾರಿತು; ಆದರೆ ಖಾಸಗಿ ವಾಸದ ಮನೆಯ ಚಿಮಣಿಯನ್ನು ಹೊರತುಪಡಿಸಿ! ಇದನ್ನು ಬರಿಯ ಆಲಸ್ಯವೆನ್ನಲಾಗದು. ನಮಗೆ ಜಗುಲಿಯು ಹೇಗೋ ಆಂಗ್ಲೇಯರಿಗೆ ಅಗ್ಗಿಷ್ಟಿಕೆಯು ಹಾಗೆ, ಸಂಸಾರವೆಲ್ಲ ಕೂಡಿ ಕುಳಿತು ಮಾತನಾಡುವ ಠಾವು. ಅದಕ್ಕೆ ಕೈಹಚ್ಚುವ ಧೈರ್ಯ ಯಾವ ಮಂತ್ರಿಗಿದ್ದೀತು? 1905ರಲ್ಲಿ ಡಾಕ್ಟರ್ ಡೆ ವೂ ಎಂಬಾತನು ಹೊಗೆಗೂ ಮಂಜಿಗೂ ಗಂಟುಹಾಕಿ ‘ಸ್ಮಾಗ್’ ಎಂಬ ಪದವನ್ನು ಪ್ರಚಾರಕ್ಕೆ ತಂದನು. ನಾವು ಅದನ್ನು ಹೊಗೆಮಂಜು ಎನ್ನುತ್ತೇವೆ. ಕೇಡಿಗೆ ಹೆಸರು ಸಿಕ್ಕಿತು, ಮದ್ದು ಸಿಕ್ಕಲಿಲ್ಲ.

1952ರ ಡಿಸೆಂಬರ್ 5ನೆಯ ದಿನ, ಶುಕ್ರವಾರ. ಥೇಮ್ಸ್ ಕಣಿವೆಯಲ್ಲಿ ಗಾಳಿ ಸತ್ತುಹೋಗಿ, ನೆಲದ ಮೇಲಿನ ತಣ್ಣನೆಯ ಗಾಳಿಗೆ ಮೇಲಿನ ಬೆಚ್ಚನೆಯ ಗಾಳಿಯು ಮುಚ್ಚಳ ಹಾಕಿದಂತಾಯಿತು. ಚಳಿಯು ಹೆಚ್ಚಿದಂತೆ ಜನರು ಬೆಂಕಿಗೆ ಇದ್ದಲನ್ನು ಮತ್ತಷ್ಟು ಒಟ್ಟಿದರು. ಯುದ್ಧಾನಂತರದ ಬಡತನದಲ್ಲಿ ಒಳ್ಳೆಯ ಇದ್ದಲು ಪರದೇಶಕ್ಕೆ ಹೋಗುತ್ತಿತ್ತು. ಮನೆಗಳಿಗೆ ದೊರೆಯುತ್ತಿದ್ದುದು ಪುಡಿ ಬೆರೆತ ಕೀಳು ಇದ್ದಲು. ದಿನವೊಂದಕ್ಕೆ ಸುಮಾರು 1,000 ಟನ್ ಮಸಿಕಣಗಳೂ 370 ಟನ್ ಗಂಧಕದ ಡೈಆಕ್ಸೈಡೂ ಆ ಮುಚ್ಚಳದ ಕೆಳಗೆ ಸೇರಿದುವೆಂದು ಲೆಕ್ಕ. ಬಸ್ಸುಗಳ ಮುಂದೆ ಆಳುಗಳು ಪಂಜು ಹಿಡಿದು ನಡೆದರು. ಸ್ಯಾಡ್ಲರ್ಸ್ ವೆಲ್ಸ್ ನಾಟಕಶಾಲೆಯೊಳಕ್ಕೂ ಹೊಗೆ ನುಗ್ಗಿ, ನಡೆಯುತ್ತಿದ್ದ ಸಂಗೀತನಾಟಕವು ನಡುವೆಯೇ ನಿಂತಿತು. ಅರ್ಲ್ಸ್ ಕೋರ್ಟಿನ ಪ್ರದರ್ಶನಕ್ಕೆ ಬಂದಿದ್ದ ಕೊಬ್ಬಿದ ದನಗಳು ಉಸಿರು ಕಟ್ಟಿ ಸತ್ತವು. ದನಗಳ ಸಾವು ಕೂಡಲೇ ಸುದ್ದಿಯಾಯಿತು. ಮನುಷ್ಯರ ಸಾವು ತಿಳಿಯಲು ಮರಣಗಳ ರಿಜಿಸ್ಟರನ್ನು ಕೂಡಿಸಿ ನೋಡಬೇಕಾಯಿತು. ಸತ್ತವರು ಮುದುಕರು, ಹಸುಗೂಸುಗಳು, ಮೊದಲೇ ಎದೆಯ ಬೇನೆಯಿದ್ದವರು. ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ, ತಮ್ಮ ತಮ್ಮ ಕಾಯಿಲೆಯಿಂದ ಸತ್ತಂತೆ ಕಂಡರು. 9ನೆಯ ತಾರೀಖು ಗಾಳಿ ಬೀಸಿತು. ಸಾಧಾರಣಕ್ಕಿಂತ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತಿದ್ದರು. ಮುಂದಿನ ತಿಂಗಳುಗಳ ಸಾವುಗಳನ್ನು ಸರ್ಕಾರವು ಇನ್‌ಫ್ಲುಯೆಂಜಾ ಜ್ವರದ ಮೇಲೆ ಹೊರಿಸಿತು. ಅವನ್ನೂ ಸೇರಿಸಿದರೆ ಸಂಖ್ಯೆಯು 12,000ಕ್ಕೆ ಮುಟ್ಟುತ್ತದೆಂದು 2001ರಲ್ಲಿ ಪ್ರಕಟವಾದ ಗಣನೆಯು ಹೇಳುತ್ತದೆ.

ಸರ್ ಹ್ಯೂ ಬೀವರರ ಅಧ್ಯಕ್ಷತೆಯ ಸಮಿತಿಯು 1954ರಲ್ಲಿ ವರದಿಯನ್ನೊಪ್ಪಿಸಿತು. ದೇಶದ ಇದ್ದಲಿನಲ್ಲಿ ಮನೆಗಳ ಪಾಲು ಸುಮಾರು ಐದರಲ್ಲೊಂದು, ಹೊಗೆಯಲ್ಲಿ ಮಾತ್ರ ಹತ್ತಿರ ಹತ್ತಿರ ಅರ್ಧ! 1956ರ ಶುದ್ಧವಾಯು ಶಾಸನವು ಕಡೆಗೂ ಮನೆಯ ಹೊಸ್ತಿಲನ್ನು ದಾಟಿತು. ಹೊಗೆಯಿಲ್ಲದ ಉರುವಲನ್ನೇ ಸುಡಬೇಕಾದ ವಲಯಗಳನ್ನು ಗೊತ್ತುಮಾಡಿ, ಒಲೆಯನ್ನು ಬದಲಾಯಿಸುವ ಖರ್ಚಿನ ಬಹುಭಾಗವನ್ನು ಸಾರ್ವಜನಿಕ ಬೊಕ್ಕಸದಿಂದ ಕೊಟ್ಟರು. ಬರಿಯ ನಿಷೇಧದಿಂದ ಎಡ್ವರ್ಡನಿಗೆ ಆಗದೆ ಹೋದುದು ಈ ಸಹಾಯಧನದಿಂದ ಆಯಿತೆಂದು ನಮ್ಮ ಅಭಿಪ್ರಾಯ.

ಇದ್ದಲು ಹೋದ ಮೇಲೆ ಮೋಟಾರು ಬಂದಿತು. ಅದರ ಪಾಠವನ್ನು ಅಮೆರಿಕದ ಲಾಸ್ ಏಂಜಲೀಸ್ ನಗರವು ಮೊದಲೇ ಕಲಿತಿತ್ತು. 1943ರಲ್ಲಿ ಅಲ್ಲಿ ಕಣ್ಣುರಿಸುವ ಮಬ್ಬು ಕವಿಯಲು, ಜನರು ಕೃತಕ ರಬ್ಬರಿನ ಸಾಮಗ್ರಿಯನ್ನು ತಯಾರಿಸುವ ಒಂದು ಕಾರ್ಖಾನೆಯನ್ನು ದೂರಿ ಮುಚ್ಚಿಸಿದರು, ಮಬ್ಬು ಹೋಗಲಿಲ್ಲ. ಮೋಟಾರುಗಳಿಂದಲೂ ಎಣ್ಣೆ ಶುದ್ಧಿಯ ಕಾರ್ಖಾನೆಗಳಿಂದಲೂ ಬರುವ ಉರಿಯದ ಪೆಟ್ರೋಲಿನ ಆವಿಯೂ ಸಾರಜನಕದ ಆಕ್ಸೈಡುಗಳೂ ಬಿಸಿಲಿನಲ್ಲಿ ಕೂಡಿ ಓಜೋನನ್ನು ಹುಟ್ಟಿಸುತ್ತವೆಂದು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿಯು ತೋರಿಸಿದನು. ಅದಕ್ಕೆ ಮೊದಲು ಆತನು ಅನಾನಸಿನ ಪರಿಮಳವನ್ನು ಶೋಧಿಸುತ್ತಿದ್ದವನು. ತಮ್ಮ ಮೋಟಾರುಗಳನ್ನು ಆ ಊರಿನವರು ಶಂಕಿಸಿರಲಿಲ್ಲ.

ಈ ಹೊಸ ವಿಷಕ್ಕೆ ಮಸಿಯ ಬಣ್ಣವಿಲ್ಲ. ಲಂಡನ್ನಿನಲ್ಲಿ ಅದು ಮುಖ್ಯವಾಗಿ ಡೀಸೆಲ್ ಗಾಡಿಗಳ ಸಾರಜನಕದ ಡೈಆಕ್ಸೈಡು, ಮತ್ತು ಕಣ್ಣಿಗೆ ಬೀಳದ ಸೂಕ್ಷ್ಮ ಕಣಗಳು. ಹೆಚ್ಚು ಹೊಗೆಯುಗುಳುವ ಗಾಡಿಗಳಿಗೆ 2019ರಿಂದ ನಗರದ ನಡುಭಾಗದಲ್ಲಿ ಸುಂಕವನ್ನು ವಿಧಿಸಲಾಯಿತು. ಹೆದ್ದಾರಿಯೊಂದರ ಬಳಿ ವಾಸವಾಗಿದ್ದು 2013ರಲ್ಲಿ ಉಬ್ಬಸದಿಂದ ತೀರಿಕೊಂಡ ಒಂಬತ್ತು ವರ್ಷದ ಬಾಲಕಿಯೊಬ್ಬಳ ಸಾವನ್ನು ಲಂಡನ್ನಿನಲ್ಲಿ ಪುನರ್ವಿಚಾರಣೆಗೆ ತೆಗೆದುಕೊಂಡರು. 2020ರ ಡಿಸೆಂಬರಿನಲ್ಲಿ, ಬ್ರಿಟನ್ನಿನಲ್ಲಿ ಮೊತ್ತಮೊದಲ ಸಲ, ಮರಣಕಾರಣಗಳಲ್ಲಿ ವಾಯುಮಾಲಿನ್ಯವೆಂದು ಬರೆಯಲಾಯಿತು.